ಹರಳೆಣ್ಣೆ ಕುಡಿದ ಗಾಡಿ

ಗಂಡಸರಿಬ್ಬರೂ ಬಾನೆಟ್ಟಿನ ಮುಂದೆ ನಿಂತು ಗಾಡಿಯ ಹಣೆಬರಹ ತೀರ್ಮಾನ ಮಾಡುತ್ತಿದ್ದರು. ಅದನ್ನು ಮುಂಬೈಯ ದಹಿಸರ್‌ನಿಂದ ಜೋಗೇಶ್ವರಿಯವರೆಗೆ ಸಮರಸ್ತೆಯಲ್ಲಿ ಹೇಗೋ ತೆವಳಿಸಿಕೊಂಡು ಬಂದ ಕೌಸಲ್ಯಾ ಇನ್ನೂ ಸ್ಟೇರಿಂಗಿನ ಹಿಂದೆಯೇ ಕೂತಿದ್ದಳು. ಅವಳನ್ನು ಯಾರೂ ಏನೂ ಕೇಳಿರಲಿಲ್ಲ. ಕೇಳುವುದಿಲ್ಲ ಎಂದು ಮೊದಲೇ ಗೊತ್ತಿತ್ತು; ಗೊತ್ತಿದ್ದದ್ದು ಕಣ್ಣೆದುರು ನಡೆದಾಗ ಅವಳಿಗೆ ಯಾವಾಗಲೂ ಒಂದು ಬಗೆಯ ತೃಪ್ತಿ. ಗಂಡ ಶಾಮಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಇನ್ಶೂರೆನ್ಸ್ ಆಫೀಸಿನಲ್ಲಿ ಮೇಲಧಿಕಾರಿಯ ಎದುರು ನಿಂತು ರೂಢಿಯಾದ ಭಂಗಿಯಲ್ಲೇ, ಗ್ಯಾರೇಜಿನ ಬಡೇಸಾಬನ ಮಾತು ಮುಗಿಯುವ ಮೊದಲೇ ತಲೆಯಾಡಿಸುತ್ತಿದ್ದ. ಯಾರ ಎದುರಿಗಾದರೂ ಸರಿ, ಈ ಮನುಷ್ಯನಿಗೆ ತಲೆಯಾಡಿಸಲು ಒಂದು ಎದುರು ಬೇಕು. ತರಕಾರಿಯವಳಿಗೆ ತಲೆಯಾಡಿಸಿ ಕೊಳೆತ ಕುಂಬಳಕಾಯಿ ತರುತ್ತಾನೆ, ಪುರೋಹಿತನಿಗೆ ತಲೆಯಾಡಿಸಿ ಇಲ್ಲದ ಶಾಂತಿ ಹೋಮ ಮಾಡಿಸುತ್ತಾನೆ. ಬಡೇಸಾಬನೋ, ವಿಜಾಪುರದ ಕಡೆಯವನು, ಗಾಡಿಯ ಕೆಳಗೆ ಒಂದು ಸಲವೂ ಬಗ್ಗಿ ನೋಡದೆ, ಬಾನೆಟ್ಟಿಗೆ ಬೆನ್ನು ಕೊಟ್ಟು, ಬಾಯಲ್ಲಿ ಗುಟ್ಕಾ ಇಟ್ಟುಕೊಂಡು ಮಾತಾಡುತ್ತಿದ್ದ. ಒಬ್ಬನಿಗೆ ಗೊತ್ತಿಲ್ಲ, ಇನ್ನೊಬ್ಬನಿಗೆ ತನಗೆ ಗೊತ್ತಿಲ್ಲ ಎನ್ನುವುದೂ ಗೊತ್ತಿಲ್ಲ. ಒಳ್ಳೆಯ ಜೋಡಿ ಎಂದುಕೊಂಡಳು.

"ಈ ಆಟೊಮೆಟಿಕ್ ನಮ್ಮ ದೇಶಕ್ಕ ಅಲ್ರಿ ಸ್ವಾಮ್ಯಾರ," ಎಂದ ಬಡೇಸಾಬ. "ಇದನ್ನ ಬಿಚ್ಚೋದು ನಕೋ, ರಿಪೇರಿ ನಕೋ. ಪೂರಾ ಬಾಕ್ಸ್ ತೆಗದು ಒಗದುಬಿಡೂನು. ಟೆಂಪೋದು ಗೇರ್‌ಬಾಕ್ಸ್ ಕುಂದ್ರಸ್ತೀನಿ, ಕೆಳಗ ಕ್ಲಚ್ ಬರ್ತದ, ನಡುವ ಗೇರಿನ ದಾಂಡು ಬರ್ತದ. ಮತ್ತ ನೋಡ್ರಿ, ಕುದರಿ ಓಡಿಧಾಂಗ ಓಡ್ತದ."

"ಹೌದಾ? ಹಾಗಾದ್ರೆ ಒಳ್ಳೇದೇ ಆಯ್ತು," ಎಂದ ಶಾಮಣ್ಣ. "ಡ್ರೈವರ್ ಒಬ್ಬನ್ನ ಇಟ್ಕೊಂಡ್ರಾಯ್ತು. ಇವಳಿಗೂ ಸ್ವಲ್ಪ ರೆಸ್ಟ್ ಸಿಗತ್ತೆ."

ರೆಸ್ಟು. ಕೌಸಲ್ಯಾ ತನ್ನ ಎಡಗಾಲನ್ನು ನೋಡಿಕೊಂಡಳು. ಅದು ಸೀಟಿನ ಮುಂದೆ ನೀಟಾಗಿ ಚಾಚಿಕೊಂಡಿತ್ತು. ಬೇರೆ ರೀತಿ ಇಟ್ಟುಕೊಳ್ಳಲು ಅದಕ್ಕೆ ಬರುವುದೇ ಇಲ್ಲ. ಬೋರಿವಲಿ ಸ್ಟೇಷನ್ನಿನಲ್ಲಿ ಲೋಕಲ್ ರೈಲಿನಿಂದ ಜನ ತಳ್ಳಿದ ರಭಸಕ್ಕೆ ಬಿದ್ದು ಮಂಡಿ ಚಿಪ್ಪು ಒಡೆದ ಮೇಲೆ ಅದು ಮಡಚುವುದನ್ನು ಮರೆತುಬಿಟ್ಟಿತ್ತು. ಆಮೇಲಿನ ವರ್ಷಗಳೆಲ್ಲ ದಹಿಸರ್‌ನ ಎರಡನೇ ಮಹಡಿಯ ಎರಡು ಕೋಣೆ, ಅದರಲ್ಲೂ ಅಡುಗೆಮನೆ. ಮೆಟ್ಟಿಲಿಳಿಯುವುದೆಂದರೆ ಒಂದು ಕೆಲಸ, ಲೋಕಲ್ ಹತ್ತುವುದೆಂದರೆ ಮುಗಿದುಹೋದ ಮಾತು. ಶಾಮಣ್ಣ ಕೆಲಸ ಬಿಟ್ಟು 'ಮೈಸೂರು ಶುಚಿ ಭೋಜನ' ಎಂದು ಬೋರ್ಡು ಬರೆಸಿ, ಉಪನಗರಗಳಲ್ಲಿರುವ ನಮ್ಮ ಕಡೆಯವರ ಮನೆಗಳಿಗೆ ತಿಥಿಯ ಊಟ ಮಾಡಿಸಿಕೊಡುವ ವ್ಯಾಪಾರ ಶುರು ಮಾಡಿದಾಗ ಮಡಿಯುಟ್ಟು ವಡೆ ಕರಿದವಳು ಅವಳು, ಎಳ್ಳುಂಡೆ ಕಟ್ಟಿದವಳು ಅವಳು. ಪಾತ್ರೆ ಹೊರಿಸಿಕೊಂಡು ಹೋಗಿ, ಆ ಮನೆಗಳ ಹಜಾರದಲ್ಲಿ ಕೂತು, ಪಿತೃಕಾರ್ಯದ ಮಹತ್ವದ ಬಗ್ಗೆ ಉಪನ್ಯಾಸ ಕೊಟ್ಟು ಬರುತ್ತಿದ್ದವನು ಅವನು. ತನ್ನ ಕೈಯಡುಗೆಯನ್ನು ಯಾರ ಮನೆಯಲ್ಲಿ ಯಾರು ಉಂಡರು ಎಂದು ಅವಳಿಗೆ ತಿಳಿಯುತ್ತಲೇ ಇರಲಿಲ್ಲ. ತಿಳಿದಿದ್ದರೂ ದೊಡ್ಡದೇನಿರಲಿಲ್ಲ. ವರ್ಷವಿಡೀ ಅಪ್ಪನ ಹೆಸರೆತ್ತದವರು ಒಂದು ದಿನ ಎಲೆಯ ಮುಂದೆ ಕೂತು ವಡೆ ಗಟ್ಟಿಯಾಯಿತು ಎನ್ನುವ ಜನ.

ಆಮೇಲೆ ಈ ಗಾಡಿ ಬಂತು. ಯಾವುದೋ ದೇಶದ ಕಾನ್ಸುಲೇಟಿನವರು ಹರಾಜಿಗೆ ಹಾಕಿದ ಪಿಕಪ್; ಗೇರು ತಾನೇ ಬದಲಾಗುವ ಗಾಡಿಯನ್ನು ಮುಂಬೈಯಲ್ಲಿ ಯಾರೂ ಕೇಳುವವರಿಲ್ಲದೆ ಅಗ್ಗಕ್ಕೆ ಸಿಕ್ಕಿತು. ಶಾಮಣ್ಣನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಬರುವ ಲಕ್ಷಣವೂ ಇರಲಿಲ್ಲ. ಕಲಿಯಲು ಕೂತ ಮೊದಲ ದಿನವೇ ಬ್ರೇಕ್ ಎಂದುಕೊಂಡು ಆಕ್ಸಿಲರೇಟರ್ ಒತ್ತಿ ಕಾಂಪೌಂಡಿನ ಗೋಡೆಗೆ ಗುದ್ದಿಸಿ, ಗೋಡೆಯನ್ನು ಬೈದ. ಗಾಡಿ ತಂದು ಬಿಟ್ಟ ಕಾನ್ಸುಲೇಟಿನ ಹಳೆಯ ಡ್ರೈವರ್ ಪೂವಪ್ಪ ಪುತ್ತೂರಿನ ಕಡೆಯವನು. ಮೇಲಿನ ಕಿಟಕಿಯಿಂದ ನಗುತ್ತಿದ್ದ ಅವಳನ್ನು ನೋಡಿ, "ಅಮ್ಮಾ, ನೀವು ಬನ್ನಿ ಮಾರಾಯ್ರೆ, ಇದಕ್ಕೆ ಎಡಗಾಲೇ ಬೇಡ" ಎಂದ. ಎಡಗಾಲೇ ಬೇಡ. ಅವಳ ಜೀವನದಲ್ಲಿ ಅಷ್ಟು ಒಳ್ಳೆಯ ಮಾತನ್ನು ಯಾವ ಗಂಡಸೂ ಆಡಿರಲಿಲ್ಲ. ಗೇರಿನ ಕಡ್ಡಿಯನ್ನು 'ಡಿ' ಅಕ್ಷರಕ್ಕೆ ತಂದು ಬಲಗಾಲು ಒತ್ತಿದರೆ ಗಾಡಿ ಹೊರಡುತ್ತಿತ್ತು, ಒಳಗೆ ಯಾರೋ ಮೆಲ್ಲಗೆ ಉಸಿರು ಬದಲಾಯಿಸಿದಂತೆ ಗೇರು ತಾನಾಗಿ ಬದಲಾಗುತ್ತಿತ್ತು. ಮಡಿಸೀರೆಯ ಕಚ್ಚೆ ಡ್ರೈವಿಂಗಿಗೆ ಇಷ್ಟು ಅನುಕೂಲ ಎಂದು ಅದನ್ನು ಕಂಡುಹಿಡಿದ ಅಜ್ಜಿಯರಿಗೂ ಗೊತ್ತಿದ್ದಿರಲಾರದು. ಬೆಳಗಿನ ಹೈವೇಯಲ್ಲಿ, ಹಿಂದೆ ಪಾಯಸದ ಪಾತ್ರೆ, ಪಕ್ಕದಲ್ಲಿ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದು ವಿಷ್ಣುಸಹಸ್ರನಾಮ ಹೇಳುತ್ತಿದ್ದ ಗಂಡ, ಎದುರಿಗೆ ಖಾಲಿ ರಸ್ತೆ. ಲಾರಿಯವರು ಕತ್ತು ಹೊರಹಾಕಿ ನೋಡುತ್ತಿದ್ದರು. ನೋಡಲಿ ಎಂದು ಅವಳು ಇನ್ನಷ್ಟು ಒತ್ತುತ್ತಿದ್ದಳು. ಅವಳು ಸುಖವಾಗಿದ್ದಳು. ಎಡಗಾಲಿನಲ್ಲಿ ಒತ್ತಬೇಕಾದ ಕ್ಲಚ್ಚು ಬಂದರೆ ಇದೆಲ್ಲ ಹೋಯಿತು, ಮತ್ತೆ ಎರಡನೇ ಮಹಡಿ.

"ಬಿಚ್ಚಿ ನೋಡಿ ಆಮೇಲೆ ಮಾತಾಡಿ," ಎಂದಳು ಕಿಟಕಿಯಿಂದ.

ಇಬ್ಬರೂ ತಿರುಗಿದರು. ಬಡೇಸಾಬ ನಕ್ಕ. "ಅಮ್ಮಾರ, ನೀವು ಇಳೀರಿ, ಒಳಗ ಫ್ಯಾನಿನ ಬುಡಕ ಕುಂದರ್ರಿ. ಚಾ ತರಸ್ತೀನಿ."

"ನಾನು ಇಳಿಯೋದಿಲ್ಲ. ಎಣ್ಣೆ ಇಳಿಸಿ ನೋಡೋವರೆಗೂ ಇಳಿಯೋದಿಲ್ಲ."

"ಕೌಸಲ್ಯಾ, ಅವರು ತಿಳಿದವರು ಕಣೇ," ಎಂದ ಶಾಮಣ್ಣ, ದನಿ ತಗ್ಗಿಸಿ. ಬೇರೆಯವರ ಮುಂದೆ ಹೆಂಡತಿಗೆ ಬುದ್ಧಿ ಹೇಳುವಾಗ ಅವನ ದನಿ ಹೀಗೆ ಒದ್ದೆಯಾಗುತ್ತದೆ.

"ಹಾಗಂತ ಅವರೇ ಹೇಳಿದ್ರೇನ್ರೀ?"

ಬಾಯಲ್ಲಿ ರೀ ಎಂದರೂ ಮನಸ್ಸಿನಲ್ಲಿ ಅವನನ್ನು ಅವಳು ಏಕವಚನದಲ್ಲಿ ಕರೆಯಲು ಶುರು ಮಾಡಿ ಎಷ್ಟೋ ಕಾಲವಾಗಿತ್ತು. ಯಾವಾಗಿನಿಂದ ಎಂದು ಹೇಳುವುದು ಕಷ್ಟ. ತಿಮಿಂಗಿಲದ ಪ್ರಸಂಗ ತೀರಾ ಈಚಿನದು. ದಂತವೈದ್ಯನ ಬಳಿ ಕಾಯುವಾಗ ಶಾಮಣ್ಣ ಮುಖಪುಟವಿಲ್ಲದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದನ್ನು ಓದಿ, ಹಲ್ಲುನೋವನ್ನೂ ಮರೆತು ಬೆವರುತ್ತಾ ಮನೆಗೆ ಬಂದ. ಆಟೊಮೆಟಿಕ್ ಗೇರಿಗೆ ಹಾಕುವ ಕೆಂಪು ಎಣ್ಣೆಯಲ್ಲಿ ಹಿಂದೊಮ್ಮೆ ತಿಮಿಂಗಿಲದ ಕೊಬ್ಬು ಬೆರೆಸುತ್ತಿದ್ದರಂತೆ. ಹಿಂದೊಮ್ಮೆ ಎನ್ನುವುದನ್ನು ಅವನು ಓದಿದ್ದ, ಆದರೆ ಅದು ಅವನ ತಲೆಗೆ ಇಳಿಯಲಿಲ್ಲ. ತಿಮಿಂಗಿಲ ಇಳಿದ ಮೇಲೆ ಅಲ್ಲಿ ಬೇರೆಯದಕ್ಕೆ ಜಾಗವೆಲ್ಲಿ? ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಭಾಂಡುಪ್‌ನಲ್ಲಿರುವ ಹಿರಿಯಣ್ಣ ಎಂಬವನಿಗೆ ಹೋಗಿ ಹೇಳಿದ. ಹಿರಿಯಣ್ಣ ನಿವೃತ್ತ ಎಂಜಿನಿಯರು, ತಿಥಿಯ ಮನೆಗಳನ್ನು ಹಿಡಿದುಕೊಡುವವನು, ನಾಲ್ಕು ಜನ ಸೇರಿದಲ್ಲಿ ಶಾಸ್ತ್ರ ಹೇಳುವವನು. "ತಿಮಿಂಗಿಲದ ಕೊಬ್ಬಿನ ಮೇಲೆ ಪಿತೃಗಳ ಊಟ ಸವಾರಿ ಮಾಡ್ಕೊಂಡು ಬರತ್ತೇನಯ್ಯ ಶಾಮಣ್ಣ?" ಎಂದನಂತೆ. ಮುಗಿಯಿತು. ಚರ್ಮದ ಬೆಲ್ಟು ಕಟ್ಟಿಕೊಂಡು, ಚರ್ಮದ ಚಪ್ಪಲಿ ಹಾಕಿಕೊಂಡು, ನೂರು ಜನರ ಬೆವರು ಒರೆಸಿಕೊಳ್ಳುತ್ತಾ ಲೋಕಲ್‌ನಲ್ಲಿ ಓಡಾಡುವ ಇಬ್ಬರು ಮುದುಕರು ಗಾಡಿಯ ಹೊಟ್ಟೆಯೊಳಗಿನ ಮಡಿಯ ಬಗ್ಗೆ ಒಂದು ಸಂಜೆಯಿಡೀ ಚರ್ಚೆ ಮಾಡಿ ತೀರ್ಮಾನಕ್ಕೆ ಬಂದರು: ಹರಳೆಣ್ಣೆ. ಗಿಡದಿಂದ ಬಂದದ್ದು, ಎಳೆಮಕ್ಕಳ ನೆತ್ತಿಗೂ ಹಚ್ಚುವಂಥದ್ದು, ಅದಕ್ಕಿಂತ ಜಿಡ್ಡು ಯಾವುದಕ್ಕಿದೆ?

ಆಯುರ್ವೇದದ ಅಂಗಡಿಯಿಂದ ಡಬ್ಬ ಬಂತು. ಬಿಲ್ಡಿಂಗಿನ ಹಿಂದೆ ಪಂಕ್ಚರ್ ಹಾಕುವವನು ಅಡಿಯ ಬೋಲ್ಟು ಬಿಚ್ಚಿ ಕೆಂಪು ಎಣ್ಣೆಯನ್ನು ಗಟಾರಕ್ಕೆ ಬಿಟ್ಟ. ಶಾಮಣ್ಣ ಸ್ನಾನ ಮಾಡಿ ಬಂದು, ಬಾನೆಟ್ಟಿಗೆ ಕುಂಕುಮವಿಟ್ಟು, ಡಬ್ಬ ಎತ್ತಿದ. "ಬಾರೇ, ಫನೆಲ್ ಹಿಡ್ಕೋ," ಎಂದ. ಅವಳು ಹಿಡಿದುಕೊಂಡಳು. ಹಳದಿ ಎಣ್ಣೆ ಜೇನಿನ ಹಾಗೆ ನಿಧಾನವಾಗಿ, ಹೋಗಲೋ ಬೇಡವೋ ಎನ್ನುತ್ತಾ ಕೊಳವೆಯೊಳಗೆ ಇಳಿಯಿತು. ಪೂವಪ್ಪ ಗಾಡಿ ಬಿಟ್ಟುಹೋಗುವ ದಿನ ಅವಳಿಗೆ, ಅವಳೊಬ್ಬಳಿಗೇ, ಎಣ್ಣೆ ಅಳೆಯುವ ಕಡ್ಡಿ ತೋರಿಸಿ ಹೇಳಿದ್ದ: "ಇದಕ್ಕೆ ಕೆಂಪು ಎಣ್ಣೆ ಮಾತ್ರ ಅಮ್ಮಾ. ಬಂದರಿನ ಫೋರ್ಕ್‌ಲಿಫ್ಟಿಗೆ ಹಾಕ್ತಾರಲ್ಲ, ಅದು. ನೋಡುವಾಗ ಎಂಜಿನ್ ಚಾಲೂ ಇರ್ಬೇಕು. ಬೇರೆ ಎಂಥದ್ದಾದ್ರೂ ಹಾಕಿದ್ರೋ, ಕತೆ ಮುಗೀತು." ಅದು ಅವಳಿಗೆ ನೆನಪಿತ್ತು. ಫನೆಲ್ ಹಿಡಿದ ಕೈ ಅಲುಗಲಿಲ್ಲ. ಶಾಮಣ್ಣನ ಮುಖದಲ್ಲಿ ಅಭಿಷೇಕ ಮಾಡುವವನ ಕಳೆ ಇತ್ತು. ಬೇಡ ಎನ್ನಲು ಎರಡಕ್ಷರ ಸಾಕಾಗಿತ್ತು. ಆದರೆ ಬೇಡ ಎಂದಿದ್ದರೆ ಅವನು ಬೇಡವೆಂದೇ ಬಿಡುತ್ತಿದ್ದ, ಮರುದಿನ ಅದು ತನ್ನದೇ ಯೋಚನೆ ಎನ್ನುತ್ತಿದ್ದ, ಅವನು ದಡ್ಡನೆಂಬುದಕ್ಕೆ ಊರು ಕಾಣುವಂಥ ಸಾಕ್ಷಿ ತಪ್ಪಿಹೋಗುತ್ತಿತ್ತು. ಸುರಿಯಲಿ, ಪೂರ್ತಿ ಸುರಿಯಲಿ ಎಂದು ಅವಳು ಕಾದಳು. ನಾಲಿಗೆಯ ಮೇಲೆ ಬೆಲ್ಲ ಇಟ್ಟುಕೊಂಡಂತೆ ಇತ್ತು.

ಆರೆ ಕಾಲೊನಿಯ ಏರಿನಲ್ಲಿ ಅದರ ಬೆಲೆ ತೆರಬೇಕಾಯಿತು. ಭಾಂಡುಪ್‌ಗೆ ಊಟ ಹೊತ್ತ ಗಾಡಿ ಏರಿನ ನಡುವೆ ಕೂಗಿತೇ ಹೊರತು ಮುಂದೆ ಹೋಗಲಿಲ್ಲ. ಬಲಗಾಲು ನೆಲಕ್ಕೆ ಒತ್ತಿದರೂ ಎಂಜಿನ್ನು ಅರಚುವುದು, ಚಕ್ರ ಸುಮ್ಮನಿರುವುದು. ಅಲ್ಲಿಂದ ಮೆಲ್ಲಗೆ ಹಿಂದಕ್ಕೆ ಜಾರಿತು. ಹಾಲಿನ ವ್ಯಾನಿನವರು ಇಳಿದು ಬಂದು, ಕಚ್ಚೆಯುಟ್ಟ ಹೆಂಗಸೊಬ್ಬಳು ಸ್ಟೇರಿಂಗಿನ ಹಿಂದೆ ಕೂತಿರುವುದನ್ನು ಕಂಡು, "ಅರೆ, ಬಾಯಿ ಚಲಾ ರಹೀ ಹೈ, ತಭೀ ತೋ" ಎಂದು ನಗುತ್ತಾ ತಳ್ಳಿದರು. ತಭೀ ತೋ! ಹೆಂಗಸು ಓಡಿಸುತ್ತಿದ್ದಾಳೆ, ಅದಕ್ಕೇ ಹೀಗೆ ಎಂದು. ಗಂಡನ ಹರಳೆಣ್ಣೆಗೆ ತನ್ನ ಹೆಸರು. ಶಾಮಣ್ಣ ಹಿಂದಿನಿಂದ ಧೋತ್ರ ಎತ್ತಿ ಕಟ್ಟಿ ತಳ್ಳುತ್ತಿದ್ದವನು ಅವರ ಜೊತೆ ತಾನೂ ನಕ್ಕ. ಆ ನಗು ಅವಳಿಗೆ ಕನ್ನಡಿಯಲ್ಲಿ ಕಾಣಿಸಿತು. ಆ ಕ್ಷಣ ಅವನನ್ನು ಅಲ್ಲೇ ಬಿಟ್ಟು ಹೋಗಬೇಕೆನ್ನಿಸಿತ್ತು, ಆದರೆ ಗಾಡಿ ಹೋಗಬೇಕಲ್ಲ.

ಬಡೇಸಾಬ ಕೊನೆಗೂ ಗೊಣಗುತ್ತಾ ಗೋಣಿಚೀಲ ಹಾಸಿ ಗಾಡಿಯ ಕೆಳಗೆ ತೂರಿದ. ಸ್ಪ್ಯಾನರಿನ ಸದ್ದು, ಒಂದು ಬೈಗುಳ. ಅಗಲವಾದ ತಗಡಿನ ತಟ್ಟೆಗೆ ಏನೋ ಸುರಿಯತೊಡಗಿತು. ಕೌಸಲ್ಯಾ ಬಾಗಿಲು ತೆರೆದು ಬಗ್ಗಿ ನೋಡಿದಳು. ಒಳಗೆ ಉಳಿದಿದ್ದ ಹಳೆಯ ಕೆಂಪೂ ಮೇಲೆ ಸುರಿದ ಹಳದಿಯೂ ಬೆರೆಯದೆ, ಒಡೆದ ಹಾಲಿನ ಹಾಗೆ ಚೂರುಚೂರಾಗಿ, ನೊರೆ ನೊರೆಯಾಗಿ ತಟ್ಟೆಯಲ್ಲಿ ಮಡುಗಟ್ಟಿತು. ಸೀದ ವಾಸನೆ ಶೆಡ್ಡಿನ ತುಂಬಾ ಹರಡಿತು. ಬಡೇಸಾಬ ಹೊರಗೆ ಬಂದು ಬೆರಳಿನಿಂದ ಅದನ್ನು ಎತ್ತಿ ಮೂಸಿದ. ಮತ್ತೆ ಮೂಸಿದ.

"ಏ ತೋ ಎರಂಡಿ ಕಾ ತೇಲ್ ಹೈ, ಹರಳೆಣ್ಣಿ!" ಎಂದು ಅರಚಿ, ಪಕ್ಕದ ಶೆಡ್ಡಿನ ವೆಲ್ಡರುಗಳನ್ನೂ ಲೇತ್ ಮೆಷಿನ್ನಿನವನನ್ನೂ ಕರೆದ. ಅವರು ಒಬ್ಬೊಬ್ಬರಾಗಿ ಬಗ್ಗಿ ಮೂಸಿದರು. ಗಾಡಿಗೆ ಮಲಬದ್ಧತೆ ಆಗಿತ್ತೇನೋ ಎಂದು ಒಬ್ಬ ಹಿಂದಿಯಲ್ಲಿ ಅಂದದ್ದಕ್ಕೆ ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ಶಾಮಣ್ಣ ನಡುವೆ ನಿಂತು ತಿಮಿಂಗಿಲವನ್ನು ವಿವರಿಸಿದ. ವಿವರಿಸದಿದ್ದರೆ ಚೆನ್ನಾಗಿತ್ತು.

"ತಿಮಿಂಗಿಲ ಅಂದ್ರ ಮೀನೇನ್ರಿ?" ಎಂದ ಬಡೇಸಾಬ, ಒಂದು ಕ್ಷಣ ಗಂಭೀರನಾಗಿ. "ಮೀನಾದ್ರ ನಮಗ ನಡೀತದ ಬಿಡ್ರಿ." ಮತ್ತೆ ನಗು.

ಇದೇ ಗಳಿಗೆಗಾಗಿ ಅವಳು ಕಾದಿದ್ದಳು. ಫನೆಲ್ ಹಿಡಿದ ದಿನದಿಂದ ಕಾದಿದ್ದಳು. ಅವನ ಕಿವಿ ಕೆಂಪಾಗಿತ್ತು, ಬೆನ್ನ ಹಿಂದಿನ ಕೈ ಬಿಚ್ಚಿಕೊಂಡು ಇಡಲು ಜಾಗವಿಲ್ಲದೆ ಜೋತುಬಿದ್ದಿತ್ತು. ಅಂದುಕೊಂಡಷ್ಟು ರುಚಿ ಇರಲಿಲ್ಲ ಎನ್ನುವುದನ್ನು ಅವಳು ಗಮನಿಸಿದಳು, ಗಮನಿಸಿ ಆ ಸಿಟ್ಟನ್ನೂ ಅವನ ಮೇಲೇ ಹಾಕಿದಳು. ಅವಮಾನ ಪಡುವುದಕ್ಕೂ ಒಂದು ಯೋಗ್ಯತೆ ಬೇಕು, ಇವನಿಗೆ ಅದೂ ಇಲ್ಲ.

ನಕ್ಕು ಸುಸ್ತಾದ ಬಡೇಸಾಬ ಕೈ ಒರೆಸಿಕೊಂಡ. "ಹೋಗ್ಲಿ ಬಿಡ್ರಿ. ಎಣ್ಣಿ ಇರ್ಲಿ ಇಲ್ಲದಿರ್ಲಿ, ಬಾಕ್ಸ್ ಮೊದಲೇ ಸವದಿತ್ತು. ಟೆಂಪೋದು ಗೇರ್‌ಬಾಕ್ಸ್ ನಾಳೆ ತರಸ್ತೀನಿ. ಈ ಎಣ್ಣಿ ಹಾಕೂಕಿಂತ ಮೊದಲ ಹೆಂಗಿತ್ರಿ, ಜಾರ್ತಿತ್ತಲ್ಲ?"

"ಹೂಂ, ಮೊದಲಿಂದಲೂ ಸ್ವಲ್ಪ ಹಾಗೇ ಇತ್ತು," ಎಂದ ಶಾಮಣ್ಣ. ಮರ್ಯಾದೆಯ ಚೂರೊಂದು ಸಿಕ್ಕಿದ ಖುಷಿಗೆ ಅವನ ದನಿ ಗಟ್ಟಿಯಾಯಿತು. "ನಾನು ಆಗ್ಲೇ ಹೇಳಿದ್ದೆ. ಹರಾಜಿನ ಗಾಡಿ ಅಲ್ವೇ?"

ಈ ಸುಳ್ಳು ನಿಂತರೆ ನಾಳೆ ಕ್ಲಚ್ಚು ಬರುತ್ತದೆ. ಕಾಲನ್ನು ಎತ್ತಿ ಹೊರಗಿಟ್ಟು, ಬಾಗಿಲನ್ನು ಹಿಡಿದುಕೊಂಡು ಇಳಿದಳು. ವೆಲ್ಡರುಗಳು ಅವಳ ಕಾಲನ್ನು ನೋಡಿ ದಾರಿ ಬಿಟ್ಟರು.

"ಸುಳ್ಳು," ಎಂದಳು. "ಕೆಂಪು ಎಣ್ಣೆ ಇದ್ದಾಗ ಒಂದು ದಿನವೂ ಜಾರಿಲ್ಲ. ಭಾಂಡುಪ್‌ವರೆಗೆ ಐವತ್ತೆಲೆ ಊಟ ಹೊತ್ಕೊಂಡು ಆರೆ ಏರು ಹತ್ತಿದೆ. ಇದನ್ನ ಸುರಿದ ಮೇಲೇ ಕೆಟ್ಟಿದ್ದು. ಬಾಕ್ಸ್ ಸವೆದಿಲ್ಲ. ತೊಳೆದು ಕೆಂಪು ಎಣ್ಣೆ ಹಾಕಿದ್ರೆ ಸರಿಹೋಗತ್ತೆ."

"ನಿಮಗ್ಯಾರು ಹೇಳಿದ್ರಿ ಇದೆಲ್ಲಾ?" ಎಂದ ಬಡೇಸಾಬ.

"ಈ ಗಾಡಿ ಹನ್ನೆರಡು ವರ್ಷ ಓಡಿಸಿದ ಡ್ರೈವರ್ ಹೇಳಿದ. ಕೆಂಪು ಎಣ್ಣೆ ಬಿಟ್ಟು ಬೇರೆ ಹಾಕಿದ್ರೆ ಕತೆ ಮುಗೀತು ಅಂತ ಹೇಳಿದ್ದ."

"ಯಾವಾಗ?"

"ಗಾಡಿ ಬಿಟ್ಟುಹೋದ ದಿನವೇ."

ಬಡೇಸಾಬ ಅವಳನ್ನೊಮ್ಮೆ, ತಟ್ಟೆಯನ್ನೊಮ್ಮೆ ನೋಡಿದ. "ಅಂದ್ರ ಇದನ್ನ ಸುರುವಾಗ ನಿಮಗ ಗೊತ್ತಿತ್ತು? ಮತ್ತ ಯಾಕ ಹೇಳಲಿಲ್ರಿ ಅಮ್ಮಾರ?"

"ಕೇಳಿದ್ರೆ ಹೇಳ್ತಿದ್ದೆ," ಎಂದಳು. "ನನ್ನ ಯಾರು ಕೇಳಿದ್ರು? ಫನೆಲ್ ಹಿಡ್ಕೋ ಅಂದ್ರು, ಹಿಡ್ಕೊಂಡೆ."

ಗೆದ್ದ ದನಿಯಲ್ಲೇ ಹೇಳಿದಳು. ಹೇಳಿ ಗಂಡನ ಕಡೆ ನೋಡಿದಳು, ಅವನು ಎಂದಿನಂತೆ ನಗುತ್ತಾ ತಲೆಯಾಡಿಸಬಹುದು ಎಂದು. ಶಾಮಣ್ಣ ತಲೆಯಾಡಿಸಲಿಲ್ಲ. ಅವಳನ್ನು ಮೊದಲ ಸಲ ಕಂಡವನ ಹಾಗೆ ನೋಡಿದ. ವೆಲ್ಡರುಗಳು ತಮ್ಮ ಕೆಲಸ ನೆನಪಾದವರಂತೆ ಒಬ್ಬೊಬ್ಬರೇ ಹೊರಟುಹೋದರು.

ಆಮೇಲಿನದೆಲ್ಲ ಅವಳು ಹೇಳಿದಂತೆಯೇ ಆಯಿತು. ಅಂಧೇರಿಯ ಎಣ್ಣೆ ಅಂಗಡಿಗೆ ಫೋನ್ ಮಾಡಿ ಕೆಂಪು ಎಣ್ಣೆ ತರಿಸಿದರು. ಬಡೇಸಾಬ ಗೇರ್‌ಬಾಕ್ಸಿನ ಅಡಿಯ ತಟ್ಟೆ ಬಿಚ್ಚಿ, ಜಾಲರಿಯಲ್ಲಿ ಹೆಪ್ಪುಗಟ್ಟಿದ ಹರಳೆಣ್ಣೆಯನ್ನು ಸೀಮೆಎಣ್ಣೆಯಲ್ಲಿ ತೊಳೆದ. ಕೆಂಪು ಎಣ್ಣೆ ತುಂಬಿಸಿ, ಎಂಜಿನ್ ಓಡಿಸಿ, ಮತ್ತೆ ಖಾಲಿ ಮಾಡಿದ; ಬಂದದ್ದು ಕಲಕಾಗಿಯೇ ಇತ್ತು. ಸಾಕು ಬಿಡ್ರಿ ಎಂದ. ಸಾಲದು ಎಂದಳು. ಎಣ್ಣೆ ತಿಳಿಯಾಗಿ ಬರುವವರೆಗೂ ತುಂಬಿಸಿ ತುಂಬಿಸಿ ಇಳಿಸಿದರು. ಬಡೇಸಾಬ ಎಂಜಿನ್ ಆರಿಸಿ ಎಣ್ಣೆಯ ಕಡ್ಡಿ ನೋಡಲು ಹೋದಾಗ, ಚಾಲೂ ಇಟ್ಟು ನೋಡಿ ಎಂದು ಗದರಿದಳು. ಅವನು ಗುಟ್ಕಾ ಉಗಿದು, "ಇವತ್ತಿನ ಉಸ್ತಾದ್ ನೀವೇ ಬಿಡ್ರಿ" ಎಂದ, ಅಷ್ಟು ಖುಷಿಯಿಂದೇನೂ ಅಲ್ಲ. ಆ ಹೊತ್ತೆಲ್ಲ ಶಾಮಣ್ಣ ಹೊರಗಿನ ಕಲ್ಲಿನ ಮೇಲೆ ಕೂತಿದ್ದ. ಚಹಾ ಕೊಟ್ಟರೆ ಕುಡಿದ. ನಡುವೆ ಬಂದು ಯಾವುದಕ್ಕೂ ತಲೆ ಹಾಕಲಿಲ್ಲ, ಕೆಂಪು ಎಣ್ಣೆಯಲ್ಲಿ ಏನಿದೆ ಎಂದು ಕೇಳಲೂ ಇಲ್ಲ. ತೊಲಗಿತು ಪೀಡೆ ಎಂದುಕೊಳ್ಳಲು ಅವಳು ಪ್ರಯತ್ನಿಸಿದಳು, ಆದರೆ ಕಣ್ಣು ಮತ್ತೆ ಮತ್ತೆ ಆ ಕಲ್ಲಿನ ಕಡೆಗೇ ಹೋಗುತ್ತಿತ್ತು.

ಸಂಜೆ ಹೈವೇಗೆ ಬಂದಾಗ ಗಾಡಿ ಎಳೆಯಿತು. ಮೊದಲು ಒಂದು ಸಣ್ಣ ಅನುಮಾನ, ಆಮೇಲೆ ಗೇರು ತಾನಾಗಿ ಬದಲಾಯಿತು, ಮತ್ತೆ ಬದಲಾಯಿತು, ಯಾವ ತಡೆಯೂ ಇಲ್ಲದೆ. ಎರಡನೇ ಮಹಡಿ ಹಿಂದೆ ಬಿತ್ತು, ಆರೆ ಕಾಲೊನಿಯ ಏರು ಮತ್ತೆ ತನ್ನದಾಯಿತು. ಹೇಗಿದೆ ನೋಡಿ ಎಂದು ಹೇಳೋಣವೆಂದು ಪಕ್ಕಕ್ಕೆ ತಿರುಗಿದಳು. ಶಾಮಣ್ಣ ಬಾಗಿಲ ಹಿಡಿಯನ್ನು ಹಿಡಿದುಕೊಂಡಿರಲಿಲ್ಲ. ವಿಷ್ಣುಸಹಸ್ರನಾಮವೂ ಇರಲಿಲ್ಲ. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು ರಸ್ತೆ ನೋಡುತ್ತಿದ್ದ.

ಗೋರೆಗಾಂವ್ ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ಅವನು ಕೇಳಿದ. "ಇನ್ನೂ ಏನೇನು ಗೊತ್ತಿದ್ದೂ ಸುಮ್ಮನಿದ್ದೀಯ ಕೌಸಲ್ಯಾ?"

ದನಿಯಲ್ಲಿ ಸಿಟ್ಟಿರಲಿಲ್ಲ, ಒದ್ದೆಯೂ ಇರಲಿಲ್ಲ. ಏನೂ ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಹಾಗೆನ್ನಲು ಹೊರಟವಳಿಗೆ ಒಂದೊಂದೇ ನೆನಪಾಗತೊಡಗಿತು. ಪಾಯಸಕ್ಕೆ ಅವನು ಅಳತೆ ತಪ್ಪಿ ಬೆರೆಸಿಟ್ಟ ಹಾಲನ್ನು ಪ್ರತಿ ಸಲವೂ ಅವನಿಗೆ ಹೇಳದೆ ಮೋರಿಗೆ ಚೆಲ್ಲಿ ತಾನೇ ಬೇರೆ ಮಾಡುತ್ತಿದ್ದುದು. ಭಾಂಡುಪ್‌ನ ಮನೆಗಳಲ್ಲಿ ಹಿರಿಯಣ್ಣ ಅವನನ್ನು ಅಣಕಿಸಿ ಜನರನ್ನು ನಗಿಸುತ್ತಾನೆಂದು ಬೇರೆಯವರಿಂದ ತಿಳಿದೂ, ಗಂಡ ಹೊಸ ಪಂಚೆ ಉಟ್ಟು ಆ ಹಿರಿಯಣ್ಣನ ಮನೆಗೇ ಹೊರಟಾಗ ಬಾಗಿಲಲ್ಲಿ ನಿಂತು ಕಳಿಸಿಕೊಟ್ಟದ್ದು. ಮಗಳು ಸರಸ್ವತಿ ಕಾಲೇಜಿನಿಂದ ತಡವಾಗಿ ಬರುವುದು ಯಾಕೆಂದೂ ಯಾರ ಜೊತೆಗೆಂದೂ ಗೊತ್ತಿದ್ದೂ, ಅವನು ಮಗಳಿಗೆಂದು ಮೈಸೂರಿನಿಂದ ತರಿಸುತ್ತಿದ್ದ ಗಂಡುಗಳ ಜಾತಕಗಳನ್ನು ಅವನ ಪಕ್ಕದಲ್ಲೇ ಕೂತು ಓದಿದ್ದು. ಒಂದೊಂದರಲ್ಲೂ ಅವಳು ಫನೆಲ್ ಹಿಡಿದು ನಿಂತಿದ್ದಳು, ಪೂರ್ತಿ ಸುರಿಯಲಿ ಎಂದು. ಅವಳಿಗೆ ಹೆದರಿಕೆಯಾಯಿತು. ನಾಚಿಕೆಯೂ ಆಯಿತು, ಆದರೆ ಹೆದರಿಕೆಯೇ ಹೆಚ್ಚು.

ಹಸಿರು ದೀಪ ಬಂತು. ಹಿಂದಿನಿಂದ ಹಾರನ್ನುಗಳು ಶುರುವಾದವು. ಅವಳು ಬಲಗಾಲು ಒತ್ತಿದಳು.

"ನಿಧಾನವಾಗಿ ಹೇಳು," ಎಂದ ಶಾಮಣ್ಣ. "ದಹಿಸರ್ ಇನ್ನೂ ದೂರ ಇದೆ."

ಇವನು ದಡ್ಡನಾಗಿಯೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.